ಎರಡು ಗುಂಡಿಗಳ ನಡುವಿನ ಅಂತರ

ಶಿಷ್ಯೆ ಪಾವನಿ ಕೇಳಿದಳು: “ಗುರುಗಳೇ, ಮೇಜಿನ ಕಂಪ್ಯೂಟರಿಗೆ ಬರೆದ ತಂತ್ರಾಂಶ ಸರಿಯಾಗಿಯೇ ನಡೆಯುತ್ತಿದೆ. ಅದನ್ನೇ ಫೋನಿಗೆ ಹೊಂದುವಂತೆ ಚಿಕ್ಕದು ಮಾಡಿದರೆ ಸಾಲದೇ? ಮತ್ತೆ ಮೊದಲಿನಿಂದ ಏಕೆ ಬರೆಯಬೇಕು?”

ಗುರುಗಳು ಹೇಳಿದರು:

ತಂತ್ರಾಂಶ ಬರೆಯುವವನೊಬ್ಬನಿದ್ದ. ವಿದ್ಯುತ್ ಕೇಂದ್ರವೊಂದಕ್ಕೆ ಅವನು ತಂತ್ರಾಂಶ ಮಾಡಿಕೊಟ್ಟಿದ್ದ. ತಂತಿ ರಿಪೇರಿಗೆ ಹೋದವರು ಕೇಂದ್ರಕ್ಕೆ ಫೋನ್ ಮಾಡಿ ತಿಳಿಸುತ್ತಿದ್ದರು. ಅಲ್ಲಿನ ಆಪರೇಟರ್ ಪರದೆಯ ಮೇಲೆ ‘ಕೆಲಸ ನಡೆಯುತ್ತಿದೆ’ ಅಥವಾ ‘ಕೆಲಸ ಮುಗಿದಿದೆ’ ಎಂಬ ಗುಂಡಿ ಒತ್ತುತ್ತಿದ್ದಳು. ಮುಗಿದಿದೆ ಎಂದು ಬಂದ ಮೇಲೆ ಆ ತಂತಿಗೆ ವಿದ್ಯುತ್ ಹರಿಸುತ್ತಿದ್ದರು. ಆರು ವರ್ಷ ಒಂದು ತಪ್ಪೂ ಆಗಲಿಲ್ಲ.

ಆಮೇಲೆ, ಲೈನ್‌ಮನ್ನರೇ ತಮ್ಮ ಫೋನಿನಲ್ಲಿ ಗುಂಡಿ ಒತ್ತಲಿ ಎಂದು ಮೇಲಿನವರು ಹೇಳಿದರು. ಅವನು ಅದೇ ಪರದೆಯನ್ನು ಅಂಗೈಯಗಲಕ್ಕೆ ಕುಗ್ಗಿಸಿದ. ಫೋನನ್ನು ಮೇಜಿನ ಮೇಲಿಟ್ಟು ನೂರು ಸಲ ಒತ್ತಿ ನೋಡಿದ. ನೂರು ಸಲವೂ ಸರಿಯಾಗಿತ್ತು.

ಹನ್ನೊಂದನೆಯ ದಿನ ಒಬ್ಬ ಲೈನ್‌ಮನ್ ಕಂಬದ ಬುಡದಲ್ಲಿ ನಿಂತಿದ್ದ. ಒಂದು ಕೈಯಲ್ಲಿ, ಮೇಲಿದ್ದ ಜೊತೆಗಾರನಿಗೆ ಸಾಮಾನು ಏರಿಸುವ ಹಗ್ಗ. ಇನ್ನೊಂದು ಕೈಯ ಹೆಬ್ಬೆರಳಿನಿಂದ ‘ನಡೆಯುತ್ತಿದೆ’ ಒತ್ತಿದ. ಕೇಂದ್ರಕ್ಕೆ ಹೋದದ್ದು ‘ಮುಗಿದಿದೆ’. ವಿದ್ಯುತ್ ಹರಿಯಿತು. ಜೊತೆಗಾರನ ಬಲಗೈ ಸುಟ್ಟಿತು. ಜೀವ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ.

ತಂತ್ರಾಂಶದವನು ತಾನು ಬರೆದದ್ದನ್ನೆಲ್ಲ ಸಾಲು ಸಾಲಾಗಿ ಓದಿದ. ಎಲ್ಲೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಲೈನ್‌ಮನ್‌ನ ಬಳಿಗೆ ಹೋಗಿ ಕೇಳಿದ: “ಎರಡು ಗುಂಡಿಯ ಮೇಲೂ ಬರೆದಿತ್ತಲ್ಲ, ಓದಲಿಲ್ಲವೇ?”

“ಓದಿದೆ ಸ್ವಾಮಿ. ಓದಿದ್ದು ಒಂದು, ಬೆರಳು ತಾಗಿದ್ದು ಇನ್ನೊಂದು. ಬೆರಳಿಟ್ಟ ಮೇಲೆ ಎರಡೂ ಕಾಣುವುದಿಲ್ಲ.”

ತಂತ್ರಾಂಶದವನು ಗುಂಡಿಗಳನ್ನು ದೊಡ್ಡದಾಗಿ ಮಾಡಿದ. ಕೆಲಸ ಯಾವ ಕಂಬದ್ದೆಂದು ಆರಿಸುವ ಪಟ್ಟಿಗೆ ಜಾಗ ಉಳಿಯಲಿಲ್ಲ. ಪಟ್ಟಿಯನ್ನು ಬೇರೆ ಪುಟಕ್ಕೆ ಹಾಕಿದ. ನಡುವೆ ಯಾರಾದರೂ ಕರೆ ಮಾಡಿದರೆ, ಆರಿಸಿದ್ದು ಯಾವ ಕಂಬವೆಂಬುದೇ ಅಳಿಸಿಹೋಗುತ್ತಿತ್ತು. ‘ಖಚಿತವೇ?’ ಎಂದು ಇನ್ನೊಮ್ಮೆ ಕೇಳುವಂತೆ ಮಾಡಿದ. ಅದಕ್ಕೂ ಅದೇ ಹೆಬ್ಬೆರಳು ಬೇಕಿತ್ತು. ರಬ್ಬರಿನ ಗವಸು ತೊಟ್ಟರಂತೂ ಪರದೆ ಓಗೊಡಲೇ ಇಲ್ಲ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಏನು ಮಾಡಬೇಕೆಂದೇ ಅವನಿಗೆ ತೋಚಲಿಲ್ಲ.

ಕೊನೆಗೆ ಅವನೇ ಹೋಗಿ ಕಂಬದ ಬುಡದಲ್ಲಿ ನಿಂತ. ಮಧ್ಯಾಹ್ನದ ಬಿಸಿಲು. ತಾನೇ ಮಾಡಿದ ಗುಂಡಿ ತನಗೇ ಕಾಣಲಿಲ್ಲ. ಮೂರು ದಿನ ಅಲ್ಲೇ ಇದ್ದ. ಲೈನ್‌ಮನ್ನರ ಹಗ್ಗವನ್ನೂ ಹಿಡಿದ. ಹಿಂದಿರುಗಿ, ಆರು ವರ್ಷದ ಬರಹವನ್ನು ಬದಿಗಿಟ್ಟು ಹೊಸದಾಗಿ ಬರೆದ. ಒಂದು ಪರದೆಗೆ ಒಂದೇ ಗುಂಡಿ. ‘ಮುಗಿದಿದೆ’ ಎಂಬುದನ್ನು ಒತ್ತಿದರೂ, ಕಂಬ ಹತ್ತಿದವನು ಇಳಿದಿದ್ದಾನೆಂದು ಆಪರೇಟರ್ ಅವನ ಬಾಯಿಂದಲೇ ಕೇಳಿದ ಮೇಲೆ ವಿದ್ಯುತ್. ಅನಂತರ ಅಲ್ಲಿ ಯಾರ ಕೈಯೂ ಸುಡಲಿಲ್ಲ.

ಕತೆ ಕೇಳುವ ಮೊದಲು ಇದ್ದದ್ದಕ್ಕಿಂತ ಪಾವನಿಯ ಗೊಂದಲ ಹೆಚ್ಚಾಗಿತ್ತು.

“ಹಾಗಾದರೆ ಗುಂಡಿ ಎಷ್ಟು ದೊಡ್ಡದಿರಬೇಕು, ಗುರುಗಳೇ?”

ಗುರುಗಳೆಂದರು: “ಅದನ್ನೂ ಕುಳಿತಲ್ಲಿಂದಲೇ ಕೇಳುತ್ತಿದ್ದೀಯಲ್ಲ, ಮಗಳೇ.”