ಜೇನುಗಲ್ಲು ಬೆಟ್ಟ ಯಾರದ್ದು

ಒಂದಾನೊಂದು ಕಾಲ ಕಂದಾ, ಬೆಟ್ಟಕ್ಕೆ ಇನ್ನೂ ಯಾರೂ ಬೇಲಿ ಹಾಕದೆ ಇದ್ದ ಕಾಲ. ಆಗ ಜೇನುಗಲ್ಲು ಅಂತ ಒಂದು ಬೆಟ್ಟ ಇತ್ತಂತೆ. ಒಂದೇ ಬಂಡೆಗೆ ನೂರು ಹೆಜ್ಜೇನು ಕಟ್ಟೋವಂತೆ, ಅದಕ್ಕೇ ಆ ಹೆಸರು. ಆ ಬೆಟ್ಟದಲ್ಲಿ ಕಾಡುಜನರ ಗುಡಿಸಲುಗಳ ಒಂದು ಹಾಡಿ, ಅದರಲ್ಲಿ ಕೇತಿ ಅಂತ ಒಬ್ಬ ಹೆಂಗಸು ಇದ್ಳಂತೆ. ಕಾಡುಗೆಣಸು ಅಗೆದ್ರೆ ಬಳ್ಳಿ ಬುಡವನ್ನ ತಿರುಗಿ ಮಣ್ಣಲ್ಲಿ ಹೂಳೋಳಂತೆ, ಜೇನು ಇಳಿಸಿದ್ರೆ ಹುಳಕ್ಕೆ ಅಂತ ಒಂದು ಪಾಲು ಬಿಡೋಳಂತೆ. ಯಾರಿಗೂ ಹೆದರೋ ಪೈಕಿ ಅಲ್ಲ. ಆನೆ ಎದುರಾದ್ರೂ ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ ಅನ್ನೋಳಂತೆ.

ಬೆಟ್ಟದ ಕೆಳಗಿನ ಸೀಮೆಗೆ ಒಬ್ಬ ಮುದಿರಾಜ, ಅವನಿಗೆ ಮೂರು ಜನ ಗಂಡುಮಕ್ಕಳು. ಕಣ್ಣು ಮುಚ್ಚೋಕ್ಕೆ ಮುಂಚೆ ಪಾಲು ಮಾಡಿಬಿಡ್ತೀನಿ ಅಂತ ಕೂತು ಗದ್ದೆ ಹಂಚಿದ್ನಂತೆ, ಆಮೇಲೆ ಊರು ಹಂಚಿದ್ನಂತೆ, ಆಮೇಲೆ ಬೆಟ್ಟದ ಮಾತು ಬಂದಾಗ ಮೂರು ಜನಾನೂ ನಂಗೆ ನಂಗೆ ಅಂತ ಎದ್ದು ನಿಂತ್ರಂತೆ. ಸರಿ, ಒಬ್ಬೊಬ್ಬ ಒಂದೊಂದು ವರ್ಷ ಇಟ್ಕೊಳ್ಳಿ, ಯಾರ ಕೈಯಲ್ಲಿ ಚೆನ್ನಾಗಿರುತ್ತೋ ಅವನ ಹೆಸರನ್ನ ತಾಮ್ರದ ತಗಡಿನ ಮೇಲೆ ಕೆತ್ತಿಸಿ ಬೆಟ್ಟಾನ ಬರ್ಕೊಡ್ತೀನಿ ಅಂದ್ನಂತೆ ರಾಜ. ಬೆಟ್ಟದಲ್ಲಿ ಇದ್ದೋರನ್ನ ಮಾತ್ರ ಯಾರೂ ಒಂದು ಮಾತು ಕೇಳ್ಲಿಲ್ಲ.

ಮೊದಲನೇ ವರ್ಷ ಹಿರಿಯವನದ್ದು. ಅವನಿಗೆ ತೇಗ ಬೀಟೆ ಮೇಲೆ ಆಸೆ, ಕೊಡಲಿಯವರನ್ನ ಕರ್ಕೊಂಡು ಬಂದು ಒರತೆ ಹುಟ್ಟೋ ಜಾಗದಲ್ಲೇ ಶುರು ಮಾಡಿಸಿದ್ನಂತೆ. ಕೇತಿ ಹೋಗಿ, ಇಲ್ಲಿ ಮರ ಕಡಿದ್ರೆ ನೀರು ನಿಂತುಹೋಗುತ್ತೆ ಬುದ್ಧಿ ಅಂದ್ಳಂತೆ. ಹೇಳೋಕ್ಕೆ ನೀನ್ಯಾರು, ಬೆಟ್ಟ ನಿಂದು ಅನ್ನೋಕ್ಕೆ ಪತ್ರ ಇದ್ಯಾ ಅಂತ ಅವನು ನಕ್ಕನಂತೆ. ನಮ್ಮ ಸತ್ತೋರೆಲ್ಲ ಈ ಮಣ್ಣಲ್ಲೇ ಮಲಗವ್ರೆ, ಬೇಕಾದ್ರೆ ಅವರನ್ನ ಕೇಳಿ ಅಂದು, ಹೋಗಿ ಗಾಡಿದಾರಿಗೆ ಅಡ್ಡ ಕೂತ್ಳಂತೆ. ಆಳುಗಳು ಎಳೆದು ಆಚೆ ಹಾಕಿದ್ರೆ ಬೆಳಿಗ್ಗೆ ಮತ್ತೆ ಅಲ್ಲೇ. ಹೀಗೆ ಏಳು ದಿನ ಎಳೆದ್ರು, ಏಳು ದಿನಾನೂ ಕೂತ್ಳು, ಕೊನೆಗೆ ಅವಳನ್ನ ಬಳಸ್ಕೊಂಡು ಬೇರೆ ದಾರಿ ಮಾಡಿ ಸಾಗಿಸಿದ್ರಂತೆ. ಬೇಸಿಗೆಗೆ ಒರತೆ ಬತ್ತಿ, ಆಮೇಲೆ ಊರ ಕೆರೆ ಬಿರುಕು ಬಿಟ್ಟು, ಅರಮನೆಗೇ ಕುಡಿಯೋ ನೀರಿಲ್ಲ.

ಎರಡನೇ ವರ್ಷ ನಡುವಿನವನದ್ದು, ಅವನಿಗೆ ಬೇಟೆ ಹುಚ್ಚು. ಸುತ್ತಾ ಗುಂಡಿ ತೋಡಿಸಿ ಒಂದೊಂದೇ ಹುಲಿ ಬೀಳಿಸಿದ್ನಂತೆ. ಕೇತಿ ಹಾಡಿಯೋರನ್ನ ಕಟ್ಕೊಂಡು ಹೋಗಿ ಗುಂಡಿ ಮುಚ್ಚೋಳಂತೆ. ಸಿಕ್ಕಿಬಿದ್ದಾಗ ಮೂರು ದಿನ ಮರಕ್ಕೆ ಕಟ್ಟಿಹಾಕಿಸಿದ, ಬಿಚ್ಚಿದ ದಿನಾನೇ ಹೋಗಿ ಇನ್ನೊಂದು ಗುಂಡಿ ಮುಚ್ಚಿದ್ಳಂತೆ. ಆದ್ರೂ ಹುಲಿ ಉಳೀಲಿಲ್ಲ. ಹುಲಿ ಹೋದ್ಮೇಲೆ ಹಂದಿ ಜಿಂಕೆಗೆ ಯಾರ ಭಯ? ಹಿಂಡು ಹಿಂಡಾಗಿ ಇಳಿದು ಊರಿನ ರಾಗಿಯೆಲ್ಲ ಮೇಯ್ದು ಹೋದ್ವಂತೆ.

ಹೂಂ ಅನ್ನು ಕಂದಾ, ಮಲಗಿಬಿಟ್ಯೇನೋ.

ಮೂರನೇ ವರ್ಷ ಕಿರಿಯವನದ್ದು. ಅವನು ಒಳ್ಳೆಯವನೇ, ಬೆಟ್ಟ ಅಂದ್ರೆ ಪ್ರಾಣ. ಮನುಷ್ಯರಿಂದ ತಾನೇ ಇಷ್ಟೆಲ್ಲ ಕೇಡು, ಇನ್ನು ಒಬ್ಬರೂ ಇಲ್ಲಿ ಕಾಲಿಡಬಾರ್ದು, ಹಾಡಿಯೋರೂ ಕೆಳಗೆ ಇಳೀಲಿ ಅಂದ್ನಂತೆ. ಕೇತಿ ಎಷ್ಟು ಹೇಳಿದ್ಳು, ಚಳಿಗಾಲದಲ್ಲಿ ಇಬ್ಬನಿ ಇರೋವಾಗ್ಲೇ ನಾವು ತರಗೆಲೆಗೆ ಸಣ್ಣ ಬೆಂಕಿ ಕೊಡ್ತೀವಿ, ಹಂಗೆ ಮಾಡದೇ ಬಿಟ್ರೆ ಬೇಸಿಗೆ ಬೆಂಕಿ ಮರ ಹತ್ತುತ್ತೆ ಅಂತ. ಬೆಂಕಿ ಇಡೋರು ಕಾಡು ಕಾಯ್ತಾರಾ ಅಂತ ಅವನು ನಂಬ್ಲಿಲ್ಲ. ಹಾಡಿ ಖಾಲಿ ಮಾಡಿಸಿದ್ರು, ಕೇತಿ ಅವತ್ತು ಒಂದು ದಿನ ಅತ್ತಳಂತೆ. ಕೆಳಗೆ ರಸ್ತೆ ಪಕ್ಕ ಹೊಸ ಮನೆ ಕೊಟ್ಟಿದ್ರು, ಅವಳು ಒಳಗೆ ಕಾಲಿಡದೆ ಬೆಟ್ಟದ ಕಡೆಗೆ ಮುಖ ಮಾಡಿ ಅಂಗಳದಲ್ಲೇ ಇದ್ಳಂತೆ.

ಆಮೇಲೆ ಬೇಸಿಗೆ ಬಂತು, ಒಂದು ಮಧ್ಯಾಹ್ನ ಬಿದಿರುಮೆಳೆ ಹತ್ಕೊಂಡು ಬೆಟ್ಟ ಪೂರ್ತಿ ಹೊಗೆ. ಕೇತಿ ಓಡಿ ಬಂದ್ರೆ ದಾರಿಯಲ್ಲಿ ಕಾವಲಿನವನು ಈಟಿ ಅಡ್ಡ ಹಿಡಿದು, ಯಾರೂ ಹತ್ತಬಾರ್ದು, ಆಜ್ಞೆ ಆಗಿದೆ ಅಂದ್ನಂತೆ.

"ಆಜ್ಞೆ ನಿನ್ನ ಹತ್ರಾನೇ ಇಟ್ಕೊಳಪ್ಪಾ. ಬೆಟ್ಟ ಸುಡ್ತಾ ಐತೆ, ನಾನು ಹೋಗ್ತೀನಿ."

ಈಟಿ ಪಕ್ಕಕ್ಕೆ ತಳ್ಳಿ ಹತ್ತಿದ್ಳಂತೆ, ಹಿಂದೆ ಇಡೀ ಹಾಡಿ ಹತ್ತಿತಂತೆ. ಉದ್ದಕ್ಕೂ ತರಗು ಗುಡಿಸಿ, ಬರೋ ಬೆಂಕಿಗೆ ಎದುರು ಬೆಂಕಿ ಕೊಟ್ಟು, ಹಸಿ ಸೊಪ್ಪಲ್ಲಿ ಬಡಿದು ಬಡಿದು, ಮೂರನೇ ದಿನಕ್ಕೆ ಆರಿತಂತೆ. ಕಿರಿಯವನೂ ಓಡಿ ಬಂದು ಅವರ ಜೊತೆ ಸೊಪ್ಪು ಹಿಡಿದು ಬಡಿದ, ಅಂಗೈಯೆಲ್ಲ ಬೊಬ್ಬೆ. ಅರ್ಧ ಬೆಟ್ಟ ಹೋಯ್ತು, ಅರ್ಧ ಉಳೀತು.

ರಾಜ ಕೇತಿಯನ್ನ ಸಭೆಗೆ ಕರೆಸಿದ್ನಂತೆ. ನನ್ನ ಮಕ್ಕಳಲ್ಲಿ ಒಬ್ಬನಿಗೂ ಯೋಗ್ಯತೆ ಇಲ್ಲ ತಾಯಿ, ಬೆಟ್ಟಾನ ನಿನ್ನ ಹೆಸರಿಗೇ ಕೆತ್ತಿಸ್ತೀನಿ ಅಂದ್ನಂತೆ. ಕಾಲಿಗೆ ಬೀಳ್ತಾಳೆ ಅಂತ ಎಲ್ಲಾ ನೋಡ್ತಾ ಕೂತಿದ್ರೆ ಅವಳು ನೆಟ್ಟಗೆ ನಿಂತು ಬೇಡ ಅಂದುಬಿಟ್ಳಂತೆ.

"ನನ್ನ ಹೆಸರು ಕೆತ್ತಿದ್ರೆ ನಾಳೆ ನನ್ನ ಮಕ್ಕಳೂ ಇಲ್ಲೇ ಬಂದು ಕಚ್ಚಾಡ್ತಾರೆ ಬುದ್ಧಿ. ಯಾರ ಹೆಸರೂ ಬೇಡ. ಬೆಟ್ಟಕ್ಕೆ ಏನೇನು ಮಾಡಬಾರ್ದೋ ಅದನ್ನ ಕೆತ್ತಿಸಿ."

ಮಂತ್ರಿಗೆ ಕೋಪ ಬಂತಂತೆ. ಯಜಮಾನ ಇಲ್ಲದ ಆಸ್ತಿಯನ್ನ ಯಾರು ಕಾಯ್ತಾರಮ್ಮ ಅಂದ.

"ಮೂರು ವರ್ಷ ಯಜಮಾನರು ಇದ್ರಲ್ಲ ಸ್ವಾಮಿ. ಕಾದೋರು ಯಾರು?"

ರಾಜ ಕೆತ್ತೋನನ್ನ ಕರೆಸಿದ್ನಂತೆ. ಒರತೆ ಹತ್ರ ಕೊಡಲಿ ಬೀಸಬಾರ್ದು, ಗುಂಡಿ ತೋಡಬಾರ್ದು, ಹಾಡಿಯೋರನ್ನ ಎಬ್ಬಿಸಬಾರ್ದು ಅಂತ ಮೂರು ಸಾಲು. ಇಷ್ಟು ಸಾಕಾ ಅಂದ್ರೆ ಕೇತಿ ಸಾಲ್ದು ಅಂದ್ಳಂತೆ, ರಾಜ ತಪ್ಪಿದ್ರೂ ತಪ್ಪೇ ಅಂತ ಇನ್ನೊಂದು ಸಾಲು ಹಾಕಿಸಿ ಅಂದ್ಳಂತೆ. ಸಭೆಯೆಲ್ಲ ಬೆವೆತುಹೋಯ್ತು. ಅದನ್ನೂ ಕೆತ್ತಿಸಿದ್ನಂತೆ ರಾಜ.

ಹಾಡಿಯೋರು ತಿರುಗಿ ಬೆಟ್ಟ ಹತ್ತಿದ್ರು. ಕಿರಿಯವನು ಹಿಂದೆಯೇ ಬಂದು ನಂಗೂ ಕಲಿಸವ್ವ ಅಂದಾಗ ಕೇತಿ ಅವನ ಅಂಗೈಗೆ ಜೇನುತುಪ್ಪ ಸವರಿ, ಮೊದಲು ಎರಡು ಮಳೆಗಾಲ ಸುಮ್ನೆ ನೋಡು ಅಂದ್ಳಂತೆ. ಅವನು ಹಂಗೇ ಮಾಡಿದ್ನಂತೆ. ಆಮೇಲೆ ನಿಧಾನಕ್ಕೆ ಒರತೆ ಜಿನುಗಿತು, ಕೆರೆ ತುಂಬಿತು, ಆಚೆ ಬೆಟ್ಟದಿಂದ ಒಂದು ಹೆಣ್ಣು ಹುಲಿ ಬಂದು ಮೂರು ಮರಿ ಹಾಕಿತಂತೆ. ಅವರೆಲ್ಲ ಅಲ್ಲಿ ಚೆನ್ನಾಗಿದ್ರು, ನಾವು ಇಲ್ಲಿ ಚೆನ್ನಾಗಿದೀವಿ. ಅಲ್ಲಿಗೆ ನನ್ನ ಕತೆ ಮುಗೀತು, ಇನ್ನು ನಿನ್ನ ನಿದ್ದೆ ಶುರುವಾಗ್ಲಿ, ಮಗ್ಗುಲಾಗು ಕಂದಾ.