ಬಾಲವಿಲ್ಲದ ಓಲೆ

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ಸುರಗಿಪುರವೆಂಬ ರಾಜ್ಯವೊಂದಿತ್ತು. ಬಿಲ್ಲಮರಸನೆಂಬ ರಾಜ ಅದನ್ನು ಆಳುತ್ತಿದ್ದ. ಅವನಿಗೆ ಆನೆಗಳಿದ್ದವು, ಕುದುರೆಗಳಿದ್ದವು. ಆದರೆ ಬಂದ ನೆಂಟರಿಗೆ ಊರಿನವರು ಮೊದಲು ತೋರಿಸುತ್ತಿದ್ದುದು ಹೊಳೆದಂಡೆಯ ಕಲ್ಲುಮಂಟಪದಲ್ಲಿದ್ದ ಒಂದು ತಾಳೆಗರಿಯ ಪುಸ್ತಕವನ್ನು.

ಅದು ಎಲ್ಲರ ಪುಸ್ತಕ. ಕುಂಬಾರ ಬಂದು ಮಣ್ಣಿನ ವಿಷಯ ಬರೆಯಬಹುದಿತ್ತು. ಸೂಲಗಿತ್ತಿ ಬಂದು ಬಾಣಂತನದ ವಿಷಯ ಬರೆಸಬಹುದಿತ್ತು. ಯಾರು ಬೇಕಾದರೂ ಓದಬಹುದಿತ್ತು, ಬರೆದುಕೊಂಡು ಮನೆಗೆ ಒಯ್ಯಬಹುದಿತ್ತು. ಬೀಗವಿರಲಿಲ್ಲ, ಕಾವಲಿರಲಿಲ್ಲ. ಇದ್ದವಳು ನಾಗಲವ್ವೆ ಎಂಬ ಹೆಂಗಸು ಒಬ್ಬಳೇ. ಬಂದ ಓಲೆಗಳನ್ನು ಓದಿ, ಒಪ್ಪವಾದುದನ್ನು ದಾರಕ್ಕೆ ಪೋಣಿಸುವ ಕೆಲಸ ಅವಳದು.

ಅಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಓಲೆಯ ತುದಿಗೂ ಬೆರಳಗಲದ ಗರಿಯ ಚೂರೊಂದನ್ನು ಕೆಂಪು ನೂಲಿನಿಂದ ಕಟ್ಟಬೇಕು. ಈ ವಿಷಯ ಎಲ್ಲಿಂದ ತಿಳಿಯಿತು, ಯಾರ ಗ್ರಂಥದ ಎಷ್ಟನೆಯ ಓಲೆಯಲ್ಲಿದೆ ಎಂದು ಅದರ ಮೇಲೆ ಬರೆಯಬೇಕು. ಊರಿನವರು ಇದನ್ನು ಬಾಲ ಎನ್ನುತ್ತಿದ್ದರು. ಬಾಲವಿಲ್ಲದ ಓಲೆ ದಾರಕ್ಕೆ ಏರುತ್ತಿರಲಿಲ್ಲ. ಮಂಟಪದ ಮೂಲೆಯ ಗೂಟದಲ್ಲಿ ತೂಗಾಡುತ್ತಿತ್ತು. ಇನ್ನೂ ಒಂದು ಮಾತಿತ್ತು. ವಿಷಯ ಎಲ್ಲಿಂದಲೇ ಬರಲಿ, ವಾಕ್ಯ ಬರೆಯುವವರ ಸ್ವಂತದ್ದಾಗಿರಬೇಕು. ಇನ್ನೊಬ್ಬರ ವಾಕ್ಯವನ್ನು ಹಾಗೆಯೇ ಎತ್ತಿಡಬೇಕಾದರೆ ಅವರ ಒಪ್ಪಿಗೆ ಪಡೆದಿರಬೇಕು.

ಒಂದು ವರ್ಷ ರಾಜ ಡಂಗುರ ಸಾರಿಸಿದ: “ಜನರಿಗೆ ಹೆಚ್ಚು ಉಪಯೋಗವಾಗುವ ಓಲೆ ಬರೆದವರಿಗೆ ನನ್ನ ಕೈಯಾರೆ ರೇಷ್ಮೆಯ ಶಾಲು ಹೊದಿಸುತ್ತೇನೆ.”

ಕೇತಯ್ಯನೆಂಬುವನ ಕಿವಿಗೆ ಇದು ಬಿತ್ತು. ಅವನು ಅದುವರೆಗೆ ಮಂಟಪದ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಮುತ್ತಿನಂತಿತ್ತು, ತಾಳ್ಮೆ ಸಾಸಿವೆಯಷ್ಟಿತ್ತು. ಮರುದಿನವೇ ಓಲೆಯೊಂದನ್ನು ಹಿಡಿದು ಬಂದ.

“ನಮ್ಮ ದೊಡ್ಡಕೆರೆಯನ್ನು ಒಂದು ಭೂತ ಒಂದೇ ರಾತ್ರಿಯಲ್ಲಿ ಅಗೆಯಿತು” ಎಂದು ಅದರಲ್ಲಿ ಬರೆದಿತ್ತು.

ನಾಗಲವ್ವೆ ಓಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಬಾಲ ಎಲ್ಲಪ್ಪ?”

“ಇದಕ್ಕೆಂಥ ಬಾಲ, ಅವ್ವಾ? ಊರಿಗೆ ಊರೇ ಹೇಳುತ್ತದೆ.”

“ಊರು ಹೇಳುತ್ತದೆ ಎಂದು ಬರಿ, ಒಪ್ಪುತ್ತೇನೆ. ಭೂತ ಅಗೆಯಿತು ಎಂದು ಬರೆದರೆ, ನೋಡಿದವರು ಯಾರು ಎಂದು ಕೇಳುತ್ತೇನೆ. ಹೋಗಲಿ, ಅಷ್ಟು ಮಣ್ಣನ್ನು ಅದು ಎಲ್ಲಿ ಸುರಿಯಿತು? ಅದನ್ನಾದರೂ ಹೇಳು.”

ಓಲೆ ಗೂಟಕ್ಕೆ ಹೋಯಿತು.

ಎಂಟು ದಿನ ಬಿಟ್ಟು ಮತ್ತೆ ಬಂದ. ಈ ಸಲ ಅದೇ ಮಾತಿಗೆ ಉದ್ದನೆಯ ಬಾಲವಿತ್ತು: “ಪಕ್ಕದೂರಿನ ಮಾಚಯ್ಯನವರು ಬರೆದ ಓಲೆಯನ್ನು ನೋಡಿ.”

ನಾಗಲವ್ವೆ ಮಾಚಯ್ಯನಿಗೆ ಹೇಳಿಕಳಿಸಿದಳು. ಅವನು ಕೇತಯ್ಯನ ಭಾವ. ಪಾಪ, ಸುಳ್ಳು ಹೇಳಲು ಬಾರದವನು.

“ಭೂತದ ವಿಷಯ ನಿಮಗೆ ಹೇಳಿದವರು ಯಾರು?”

“ಇನ್ಯಾರು ತಾಯಿ, ನಮ್ಮ ಕೇತಯ್ಯನೇ! ಹೋದ ವಾರ ಬಂದು, ಭಾವ, ಹೀಗೆ ಬರೆದಿಡು ಅಂದ. ಬರೆದಿಟ್ಟೆ.”

ಮಂಟಪದಲ್ಲಿದ್ದವರೆಲ್ಲ ನಕ್ಕರು. “ತನ್ನ ಬಾಲವನ್ನು ತಾನೇ ಕಚ್ಚಲು ನಾಯಿ ಗಿರಗಿರನೆ ಸುತ್ತುತ್ತದಲ್ಲ, ಹಾಗಾಯಿತು ನಿನ್ನ ಓಲೆ” ಎಂದಳು ನಾಗಲವ್ವೆ. ಅದೂ ಗೂಟಕ್ಕೆ ಹೋಯಿತು.

ಕೇತಯ್ಯ ಮುಖ ಊದಿಸಿಕೊಂಡು ದೂರದ ಊರಿಗೆ ಹೊರಟ. ದಾರಿಯಲ್ಲಿ ಹೊಳೆ ತುಂಬಿ, ಪೊನ್ನಕ್ಕನೆಂಬ ಮುದುಕಿಯ ಗುಡಿಸಲಲ್ಲಿ ಮೂರು ದಿನ ಉಳಿಯಬೇಕಾಯಿತು. ಪೊನ್ನಕ್ಕ ದೋಣಿ ನಡೆಸುವವಳು. ಹನ್ನೆರಡು ವರ್ಷ ಬಿದಿರಿನ ಗಳ ಹಿಡಿದು, ಹೊಳೆ ದಾಟುವ ಒಂದೊಂದು ಜಾಗದ ಆಳವನ್ನೂ ಅಳೆದು ಒಂದು ಗ್ರಂಥ ಬರೆದಿದ್ದಳು. ಹೊಸ ದೋಣಿಯವರು, ಗಾಡಿಯವರು ಅವಳಿಂದ ಅದನ್ನು ಓದಿಸಿಕೊಂಡು, ಸುಗ್ಗಿಯಲ್ಲಿ ಒಂದಿಷ್ಟು ಜೋಳ ತಂದುಕೊಡುತ್ತಿದ್ದರು. ಅವಳ ಮುಪ್ಪಿಗೆ ಅದೇ ಆಸರೆ.

ಪೊನ್ನಕ್ಕ ಅತಿಥಿಗೆ ರೊಟ್ಟಿ ಹಾಕಿದಳು, ಓದಲು ಗ್ರಂಥವನ್ನೂ ಕೊಟ್ಟಳು. ಅವಳು ದೋಣಿಯ ಕಡೆ ಹೋದಾಗಲೆಲ್ಲ ಕೇತಯ್ಯ ಕೂತು ನಕಲು ಮಾಡಿದ. ಅಕ್ಷರ ಬಿಡಲಿಲ್ಲ, ಚುಕ್ಕೆ ಬಿಡಲಿಲ್ಲ. ಹೊಳೆ ಇಳಿದದ್ದೇ ತಡ, ಓಡೋಡಿ ಊರಿಗೆ ಬಂದು ಸಂತೆಯಲ್ಲಿ ನಿಂತು ಗಟ್ಟಿಯಾಗಿ ಓದಿ, ಮಂಟಪಕ್ಕೆ ಒಪ್ಪಿಸಿದ. ಈ ಓಲೆಯ ಬಾಲದ ಮೇಲೆ “ನಾನೇ ಅಳೆದೆ” ಎಂದಿತ್ತು.

ರಾಜನಿಗೆ ಬಹಳ ಸಂತೋಷವಾಯಿತು. ಶಾಲು ತೆಗೆದುಕೊಂಡು ತಾನೇ ಮಂಟಪಕ್ಕೆ ಬಂದ. ಅಷ್ಟರಲ್ಲಿ ದೋಣಿಯನ್ನು ದಡಕ್ಕೆ ಕಟ್ಟಿ, ಏದುಸಿರು ಬಿಡುತ್ತ ಪೊನ್ನಕ್ಕ ಬಂದಳು. ಗಾಡಿಯವನೊಬ್ಬ ಅವಳಿಗೆ, “ಅಜ್ಜಿ, ನಿನ್ನ ಗ್ರಂಥ ಇನ್ನು ಮಂಟಪದಲ್ಲೇ ಸಿಗುತ್ತೆ, ನಿನ್ನ ಹತ್ತಿರ ಯಾಕೆ ಬರಲಿ?” ಅಂದಿದ್ದ.

“ಬುದ್ಧೀ, ಅದು ನನ್ನ ಬರಹ” ಎಂದಳು.

“ಹೊಳೆ ಇವಳಪ್ಪನ ಮನೆಯದೇ?” ಎಂದ ಕೇತಯ್ಯ. “ಆಳ ಯಾರು ಅಳೆದರೂ ಒಂದೇ. ಅವಳೂ ಅಳೆದಳು, ನಾನೂ ಅಳೆದೆ.”

“ಹೊಳೆ ನಂದಲ್ಲ ಕಣಪ್ಪ, ಆಳವೂ ನಂದಲ್ಲ. ಆದರೆ, ‘ಇಲ್ಲಿ ನೀರು ಮಲಗಿದ ಎಮ್ಮೆಯ ಹಾಗೆ ಸುಮ್ಮನಿರುತ್ತದೆ, ನಂಬಬೇಡಿ’ ಅಂತ ಬರೆದವಳು ನಾನು. ಆ ಎಮ್ಮೆ ನಂದು!”

“ನನಗೂ ಎಮ್ಮೆಯೇ ನೆನಪಾಯಿತು, ಏನು ಮಾಡಲಿ?”

ರಾಜ ತಲೆ ಕೆರೆದುಕೊಂಡ. ಒಂದೇ ಎಮ್ಮೆ ಇಬ್ಬರಿಗೆ ನೆನಪಾಗಬಾರದೆಂದು ಕಾನೂನು ಇರಲಿಲ್ಲ.

ಆಗ ನಾಗಲವ್ವೆ ಎದ್ದಳು. “ಪ್ರಭುಗಳೇ, ಈ ಓಲೆಯಲ್ಲಿ ಆಳವನ್ನೆಲ್ಲ ‘ಕಟ್ಟು’ಗಳಲ್ಲಿ ಹೇಳಿದೆ. ಮಂಟಪದ ಮುಂದಿನ ಜಾಗಕ್ಕೆ ಎರಡು ಕಟ್ಟು ಎಂದಿದೆ. ಈ ಅಳತೆಯನ್ನು ನಾನು ಎಲ್ಲಿಯೂ ಓದಿಲ್ಲ. ಪೊನ್ನಕ್ಕಾ, ಒಂದು ಕಟ್ಟು ಎಂದರೆ ಎಷ್ಟು? ನನ್ನ ಕಿವಿಯಲ್ಲಿ ಹೇಳು.”

ಪೊನ್ನಕ್ಕ ಪಿಸುಗುಟ್ಟಿದಳು. ಆಮೇಲೆ ನಾಗಲವ್ವೆ ಪೊನ್ನಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಮುದುಕಿ ಹೋಗಿ ತನ್ನ ದೋಣಿಯಲ್ಲಿ ಗಳ ಹಿಡಿದು ನಿಂತಳು.

“ಈಗ ನೀನು ಹೇಳು, ಕೇತಯ್ಯ.”

“ಕಟ್ಟು ಎಂದರೆ... ಒಂದು ಗೇಣು. ಅಷ್ಟೂ ಗೊತ್ತಿಲ್ಲವೇ ಅವ್ವಾ?”

“ಹಾಗಾದರೆ ಇಲ್ಲಿ ಎರಡೇ ಗೇಣು ನೀರು?”

“ಮೊಣಕಾಲಿಗಿಂತ ಮೇಲೆ ಬಂದರೆ ಕೇಳಿ!”

“ಒಳ್ಳೆಯದಾಯಿತು. ‘ನಾನೇ ಅಳೆದೆ’ ಎನ್ನುವ ಬಾಲವನ್ನು ಬೇರೆಯವರು ಪರೀಕ್ಷಿಸುವುದು ಹೇಗೆ? ನಮ್ಮೆಲ್ಲರ ಮುಂದೆ ಒಮ್ಮೆ ದಾಟಿಬಿಡು. ಆಮೇಲೆ ಶಾಲು ಹೊದೆಯಬಹುದು.”

ಕೇತಯ್ಯ ಪಂಚೆ ಎತ್ತಿ ಕಟ್ಟಿದ. ಮೊದಲ ಹೆಜ್ಜೆ ಇಟ್ಟ. ನೀರು ಪಾದ ಮುಟ್ಟಿತು. “ನೋಡಿದಿರಾ?” ಎಂದ. ಎರಡನೆಯ ಹೆಜ್ಜೆ ಇಟ್ಟ. ನೀರು ಮೊಣಕಾಲಿಗೆ ಬಂತು. “ನಾನು ಹೇಳಲಿಲ್ಲವೇ?” ಎಂದ. ಮೂರನೆಯ ಹೆಜ್ಜೆ ಇಟ್ಟ. ಏನೂ ಎನ್ನಲಿಲ್ಲ. ಅವನ ಪೇಟ ಮಾತ್ರ ನೀರಿನ ಮೇಲೆ ತೇಲುತ್ತ ಹೊರಟಿತು.

ಪೊನ್ನಕ್ಕ ಗಳ ಚಾಚಿದಳು. ಕೇತಯ್ಯ ಅದನ್ನು ತಬ್ಬಿಕೊಂಡು ಮೇಲೆ ಬಂದ. “ನಾನು ಅಳೆಯಲಿಲ್ಲ!” ಎಂದು ಕೆಮ್ಮುತ್ತ ಕೂಗಿದ. “ಪೊನ್ನಕ್ಕನ ಗ್ರಂಥದಿಂದ ಎತ್ತಿದೆ! ಎಲ್ಲವನ್ನೂ ಎತ್ತಿದೆ!”

“ನೋಡಿ, ಕೊನೆಗೂ ಓಲೆಗೆ ಬಾಲ ಬಂತು” ಎಂದಳು ನಾಗಲವ್ವೆ.

ಅವನು ತಬ್ಬಿದ್ದ ಗಳಕ್ಕೆ ಎರಡೆರಡು ಮೊಳಕ್ಕೆ ಒಂದರಂತೆ ಹುರಿ ಬಿಗಿದಿತ್ತು. ಪೊನ್ನಕ್ಕನ ಕಟ್ಟು ಅದೇ. ಎರಡು ಕಟ್ಟು ಎಂದರೆ ನಾಲ್ಕು ಮೊಳ, ಆಳು ಮುಳುಗುವ ನೀರು. ಕೇತಯ್ಯನ ಗೇಣಿನ ಲೆಕ್ಕ ನಂಬಿ ಗಾಡಿ ಇಳಿಸಿದ್ದರೆ ಎತ್ತುಗಳ ಗತಿ ಏನಾಗುತ್ತಿತ್ತು, ನೀವೇ ಯೋಚಿಸಿ.

ಕೇತಯ್ಯ ತನ್ನ ಓಲೆಯನ್ನು ತಾನೇ ಹರಿದ. ಮುಂದಿನ ಒಂದು ವರ್ಷ ನಾಗಲವ್ವೆಯ ಪಕ್ಕದಲ್ಲಿ ಕೂತು ಬಾಲ ಕಟ್ಟುವ ಕೆಲಸ ಮಾಡಬೇಕೆಂದು ರಾಜ ಅಪ್ಪಣೆ ಕೊಟ್ಟ. ಶಾಲು ಪೊನ್ನಕ್ಕನ ಹೆಗಲೇರಿತು.

“ಪೊನ್ನಕ್ಕಾ, ನಿನ್ನ ಗ್ರಂಥದಿಂದ ನಾವು ಏನನ್ನಾದರೂ ತೆಗೆದುಕೊಳ್ಳಬಹುದೇ?” ಎಂದು ನಾಗಲವ್ವೆ ಎಲ್ಲರ ಮುಂದೆ ಕೇಳಿದಳು.

“ಎಲ್ಲಿ ಎಷ್ಟು ಆಳ ಅನ್ನೋದನ್ನ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ ತಾಯಿ, ಜನರ ಜೀವ ಉಳೀಲಿ. ಬಾಲಕ್ಕೆ ನನ್ನ ಹೆಸರು ಕಟ್ಟಿ. ಎಮ್ಮೆ ಮಾತ್ರ ನನ್ನ ಕೊಟ್ಟಿಗೆಯಲ್ಲೇ ಇರಲಿ.”

ಹಾಗೆಯೇ ಆಯಿತು. ಆ ಬಾಲ ಓದಿದವರು, ಪೂರ್ತಿ ಗ್ರಂಥ ಕೇಳೋಣವೆಂದು ಪೊನ್ನಕ್ಕನ ಗುಡಿಸಲು ಹುಡುಕಿಕೊಂಡು ಬರತೊಡಗಿದರು. ಆ ಸುಗ್ಗಿಯಲ್ಲಿ ಅವಳ ಜೋಳದ ಗುಡಾಣ ತುಂಬಿ ಚೆಲ್ಲಿತು.

ವರ್ಷ ಕಳೆದ ಮೇಲೆ ಕೇತಯ್ಯನೂ ಒಂದು ಓಲೆ ಬರೆದ: “ದೊಡ್ಡಕೆರೆಯನ್ನು ಭೂತ ಅಗೆಯಿತೆಂದು ಊರಿನವರು ಹೇಳುತ್ತಾರೆ. ಅಗೆದ ನಲವತ್ತು ಜನರ ಹೆಸರುಗಳು ಏರಿಯ ಕಲ್ಲಿನ ಮೇಲಿವೆ.” ಬಾಲದಲ್ಲಿ ಹೀಗಿತ್ತು: “ಏರಿಯ ಮೂರನೆಯ ಕಲ್ಲು. ಪಾಚಿ ಉಜ್ಜಿ ನೋಡಿ.” ನಾಗಲವ್ವೆ ಹೋಗಿ, ಪಾಚಿ ಉಜ್ಜಿ, ನೋಡಿ ಬಂದಳು. ಓಲೆ ದಾರಕ್ಕೆ ಏರಿತು.

ಇದರ ನೀತಿ ಇಷ್ಟೇ, ಮಕ್ಕಳೇ. ತಿಳಿದದ್ದನ್ನು ಹೇಳುವಾಗ ಎಲ್ಲಿಂದ ತಿಳಿಯಿತೆಂದೂ ಹೇಳಬೇಕು. ತಿಳಿವಳಿಕೆಯನ್ನು ಹಂಚಿಕೊಳ್ಳಬಹುದು; ಇನ್ನೊಬ್ಬರ ಬರಹವನ್ನು ಕೇಳದೆ ತನ್ನದೆನ್ನಬಾರದು.

ಈ ಕಥೆಯ ಬಾಲ ಎಲ್ಲಿ ಎನ್ನುತ್ತೀರಾ? ಸುರಗಿಪುರವನ್ನು ಕಂಡವರು ನನಗೆ ಯಾರೂ ಸಿಕ್ಕಿಲ್ಲ. ಆದ್ದರಿಂದ ಇದನ್ನು ಕಥೆಯೆಂದೇ ಹೇಳಿ, ಗೂಟಕ್ಕೆ ತೂಗುಹಾಕಿ ಏಳೋಣ.