ಬಾತುಕೋಳಿಯ ಧೈರ್ಯ

ಕೆರೆಯಂಚಿನ ಬಂಡೆಯ ಮೇಲೆ ನವಿಲರಾಯ ಹೆಣ್ಣು ಆರಿಸುವ ಮೇಳ ಇಟ್ಟಿದ್ದ. ಬರಲಾಗದ ಹಕ್ಕಿಗಳಿಗೆ ಅಲ್ಲಿ ನಡೆದದ್ದನ್ನೆಲ್ಲ ಗೊರವಂಕ ಹಕ್ಕಿ ಮರದ ತುದಿಯಿಂದ ಕೂಗಿ ಹೇಳಬೇಕು. ಅದು ಆ ಕಾಡಿನ ಪದ್ಧತಿ. ಮೈಕೈ ತುಂಬಿಕೊಂಡಿದ್ದ ಬಾತುಕೋಳಿ, ತನಗೂ ಕರೆ ಬಂತಲ್ಲ ಎಂದು ಹಿಗ್ಗಿ ಹೋದಳು.

ಬೆಳಿಗ್ಗೆ ಅವಳು ಕೆರೆಗಿಳಿದು, ನೀರಿಗೂ ಗೊತ್ತಾಗದ ಹಾಗೆ ಈಜಿದಳು. ನವಿಲರಾಯ ಕಣ್ಣು ಕೀಳದೆ ನೋಡಿದ. ಗೊರವಂಕ ಮಾತ್ರ ಕೊಕ್ಕು ಬಿಚ್ಚಲಿಲ್ಲ. ಮಧ್ಯಾಹ್ನ ಎಲ್ಲರ ಮುಂದೆ ಕಾಳು ಹರಡಿದರು. ಅವಳು ಎರಡು ಕಾಳು ಹೆಕ್ಕಿದ್ದಳೋ ಇಲ್ಲವೋ, "ಬಾತುಕೋಳಿ ತಿನ್ನುತ್ತಿದ್ದಾಳೆ! ಇನ್ನೂ ತಿನ್ನುತ್ತಿದ್ದಾಳೆ!" ಎಂದು ಗೊರವಂಕ ಕಾಡೆಲ್ಲ ಕೇಳುವಂತೆ ಕೂಗಿದ.

"ನಾನು ಈಜಿದ್ದನ್ನು ಯಾಕೆ ಹೇಳಲಿಲ್ಲ?" ಎಂದು ಅವಳು ಕೇಳಿದಳು.

"ಕೇಳುವವರಿಗೆ ನಿಮ್ಮಿಂದ ಬೇಕಾದದ್ದು ಅದಲ್ಲ, ತಾಯಿ," ಎಂದ ಗೊರವಂಕ.

ಸಂಜೆ ನವಿಲರಾಯ ತನ್ನ ಗರಿಯನ್ನು ಸಪೂರ ಮೈಯ ಕೊಕ್ಕರೆಗೆ ಕೊಟ್ಟ. ಆಮೇಲೆ ಬಾತುಕೋಳಿಯತ್ತ ತಿರುಗಿ, "ನೀವು ಇಲ್ಲಿಗೆ ಬಂದದ್ದೇ ದೊಡ್ಡ ಧೈರ್ಯ," ಎಂದ. ಎಲ್ಲರೂ ರೆಕ್ಕೆ ತಟ್ಟಿದರು.

"ಧೈರ್ಯವೇ? ಇಲ್ಲೆಲ್ಲಾದರೂ ನರಿ ಇತ್ತೇ?" ಅವಳು ನಿಜಕ್ಕೂ ತಿಳಿಯದೆ ಕೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳಿಗೆ ಆಗ ತಿಳಿಯಿತು.

ಮನೆಗೆ ಬಂದಾಗ ಪುಟ್ಟ ತಂಗಿ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಬೆಳಿಗ್ಗೆ ಅಕ್ಕ ಇಟ್ಟುಹೋದ ಕಾಳು ಹಾಗೆಯೇ ಇತ್ತು.

"ಯಾಕೆ ಪುಟ್ಟಿ, ತಿನ್ನಲಿಲ್ಲವಾ?"

"ಗೊರವಂಕ ಮರದಿಂದ ಇಳಿಯಲಿ ಅಕ್ಕ," ಎಂದಳು ತಂಗಿ, "ಆಮೇಲೆ ತಿನ್ನುತ್ತೇನೆ."